ಸಣ್ಣ ಕಾಲೇಜುಗಳ ಆರ್ಡಿತ್

ಪ್ರತಿ ಗುರುವಾರ ಮಧ್ಯಾಹ್ನ ಆರ್ಡಿತ್ ನೀಲ್ಸನ್‌ಗೆ ಊಟ ಸೇರುತ್ತಿರಲಿಲ್ಲ. ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಕಾಗದದಿಂದ ಬಿಚ್ಚುವುದು, ಕಂಪ್ಯೂಟರ್ ಕಡೆ ನೋಡುವುದು, ಮತ್ತೆ ಕಾಗದ ಸುತ್ತಿಡುವುದು, ಇಷ್ಟೇ. ಒಂಬತ್ತು ವರ್ಷ ಇದನ್ನು ನೋಡಿದ್ದೇನೆ. ನಾನು ವರ್ಲಾ, ಕೆಲ್ಬಿ ಊರಿನ ಹೈಸ್ಕೂಲಿನ ಗುಮಾಸ್ತೆ. ಆರ್ಡಿತ್ ಅಲ್ಲಿಯ ಕೌನ್ಸೆಲರ್, ಅಂದರೆ ಯಾವ ಮಗು ಮುಂದೆ ಎಲ್ಲಿ ಓದಬೇಕು ಅಂತ ದಾರಿ ತೋರಿಸುವವಳು. ಅವಳ ಕೋಣೆಗೂ ನನ್ನ ಮೇಜಿಗೂ ನಡುವೆ ಒಂದು ತೆಳು ಬಾಗಿಲಿದೆ. ಆ ಬಾಗಿಲು ಯಾವ ಗುಟ್ಟನ್ನೂ ತಡೆಯುವುದಿಲ್ಲ, ನಾನೂ ಕಿವಿ ಮುಚ್ಚಿಕೊಳ್ಳುವವಳಲ್ಲ.

ಅಮೆರಿಕದ ಅಯೋವಾ ರಾಜ್ಯದ ನಮ್ಮ ಕಡೆ ಮಕ್ಕಳು ಓದಿದರೆ ಮೂವತ್ತು ಸಾವಿರ ಜನ ಓದುವ ದೊಡ್ಡ ಯೂನಿವರ್ಸಿಟಿಗೆ ಹೋಗುತ್ತಾರೆ, ಇಲ್ಲವಾದರೆ ಜೋಳದ ಹೊಲಕ್ಕೋ ಮಾಂಸದ ಕಾರ್ಖಾನೆಗೋ ಹೋಗುತ್ತಾರೆ. ಆರ್ಡಿತ್‌ಗೆ ಮಾತ್ರ ಸಣ್ಣ ಕಾಲೇಜುಗಳ ಹುಚ್ಚು. ಎಂಟುನೂರು ಮಕ್ಕಳು, ಒಂದು ಗಂಟೆ ಗೋಪುರ, ಸಾಹಿತ್ಯ, ಇತಿಹಾಸ, ಗಣಿತ, ಸಂಗೀತ ಎಲ್ಲವನ್ನೂ ಒಂದೇ ಸೂರಿನಡಿ ಕಲಿಸುವ ಅರವತ್ತು ಎಪ್ಪತ್ತು ಮೇಷ್ಟ್ರುಗಳು. ಹೆಸರು ಹೇಳಿದರೆ "ಅದೆಲ್ಲಿದೆ?" ಅಂತ ಜನ ಕೇಳುವಂಥ ಕಾಲೇಜುಗಳು. "ಕೆಲವು ಮಕ್ಕಳು ಜಾತ್ರೇಲಿ ಕಳೆದುಹೋಗ್ತಾವೆ ವರ್ಲಾ. ಅಂಥವಕ್ಕೆ ಹೆಸರು ಹಿಡಿದು ಕರೆಯೋ ಜಾಗ ಬೇಕು" ಅನ್ನುತ್ತಿದ್ದಳು. ಹಾಗೆ ಹೆಸರು ಹಿಡಿದು ಕರೆಸಿಕೊಂಡು ಬದುಕು ಕಟ್ಟಿಕೊಂಡವರು ನಮ್ಮೂರಲ್ಲಿ ಐವತ್ತಕ್ಕೆ ಕಮ್ಮಿ ಇಲ್ಲ.

ನೋಲನ್ ಬ್ರನ್ಸ್ ಅಂಥದೇ ಹುಡುಗನಾಗಿದ್ದ. ಕ್ಲಾಸಿನಲ್ಲಿ ಬಾಯಿ ಬಿಡದವನು, ಬರೆಯಲು ಕೂತರೆ ಹತ್ತು ಪುಟ ಬರೆಯುವವನು. ಆರ್ಡಿತ್ ಅವನನ್ನು ಟಾಲ್‌ಮಾರ್ಕ್ ಎಂಬ ಕಾಲೇಜಿಗೆ ಕಳಿಸಿದಳು. ಕಳಿಸುವ ಮೊದಲು ತಾನೇ ಹೋಗಿ ನೋಡಿಬಂದಿದ್ದಳು. ಅಲ್ಲಿಯವರು ಕಾಫಿ ಕೊಟ್ಟರು, ಸೇಬು ತುಂಬಿ ಬೇಯಿಸಿದ ಪೈ ಕೊಟ್ಟರು. "ಹೇಗೆ ನಡೀತಿದೆ?" ಅಂದರೆ "ತೊಂದರೆ ಏನಿಲ್ಲ, ಚೆನ್ನಾಗೇ ಇದೆ" ಅಂದರು. ನಮ್ಮ ಜನ ಹಾಗೆಯೇ. ಮನೆಗೆ ಬೆಂಕಿ ಬಿದ್ದಿದ್ದರೂ ಚೆನ್ನಾಗೇ ಇದೆ ಅನ್ನುತ್ತಾರೆ, ಎದುರಿಗಿದ್ದವರು ಹೊಗೆ ಕಂಡರೂ ಕಾಣದ ಹಾಗೆ ಇರುತ್ತಾರೆ. ಪೈ ತಿಂದ ಮನೆಯವರ ಕಷ್ಟ ಕೆದಕುವುದು ಇಲ್ಲಿ ಒರಟುತನ. ಆರ್ಡಿತ್ ಕೆದಕಲಿಲ್ಲ.

ನೋಲನ್‌ನ ಎರಡನೇ ವರ್ಷದಲ್ಲಿ, ಒಂದು ಗುರುವಾರ ಮಧ್ಯಾಹ್ನ, ಮಿಂಚಂಚೆ ಬಂತು. ಟಾಲ್‌ಮಾರ್ಕ್ ಕಾಲೇಜು ಇನ್ನು ಮೂರು ವಾರಕ್ಕೆ ಶಾಶ್ವತವಾಗಿ ಮುಚ್ಚುತ್ತದೆ ಅಂತ. ಹುಡುಗ ನಾಲ್ಕು ಪೆಟ್ಟಿಗೆ ಹೊತ್ತುಕೊಂಡು ಊರಿಗೆ ವಾಪಸ್ಸು ಬಂದ. ಆ ಬೇಸಿಗೆಯಲ್ಲೇ ಬೀಜ ಗೊಬ್ಬರದ ಅಂಗಡಿಗೆ ಕೆಲಸಕ್ಕೆ ಸೇರಿದ, ಇವತ್ತಿಗೂ ಅಲ್ಲೇ ಇದ್ದಾನೆ. ಚಳಿಗಾಲದಲ್ಲಿ ಆರ್ಡಿತ್ ಮನೆ ಮೆಟ್ಟಿಲ ಹಿಮ ಕರಗಿಸುವ ಉಪ್ಪಿನ ಚೀಲ ಕೊಳ್ಳಲು ಹೋದರೆ ಅವನೇ ಹೊತ್ತು ತಂದು ಕಾರಿನಲ್ಲಿಟ್ಟು "ಹುಷಾರು, ಮೆಟ್ಟಿಲು ಜಾರುತ್ತೆ ಮಿಸೆಸ್ ನೀಲ್ಸನ್" ಅನ್ನುತ್ತಾನೆ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಪ್ರತಿ ಮೇ ಒಂದಕ್ಕೆ ನಮ್ಮ ಶಾಲೆಯ ಕೊನೆ ವರ್ಷದ ಮಕ್ಕಳು ತಾವು ಆರಿಸಿಕೊಂಡ ಕಾಲೇಜಿನ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋಗಳೆಲ್ಲ ಆರ್ಡಿತ್‌ಳ ಗೋಡೆಯ ಮೇಲಿವೆ. ಟಾಲ್‌ಮಾರ್ಕಿನ ಹಸಿರಂಗಿಯ ನೋಲನ್ ಕೂಡ ಅಲ್ಲೇ ನಗುತ್ತಿದ್ದಾನೆ. "ತೆಗೆದುಬಿಡೇ" ಅಂತ ಎಷ್ಟು ಸಲ ಹೇಳಿದೆನೋ, ಅವಳು ತೆಗೆಯಲಿಲ್ಲ.

ಹೀಗಿರುವಾಗ ಹೋದ ಸೆಪ್ಟೆಂಬರಿನಲ್ಲಿ ನೋಲನ್‌ನ ತಂಗಿ ಕೋರಾ ಆ ಕೋಣೆಯ ಬಾಗಿಲು ತಟ್ಟಿದಳು. ಹದಿನೇಳು ವರ್ಷ, ಕೆಂಪು ಕೂದಲು, ಬಾಯಿಗೆ ಬ್ರೇಕಿಲ್ಲ.

"ಮಿಸೆಸ್ ನೀಲ್ಸನ್, ನನಗೆ ಸಣ್ಣ ಕಾಲೇಜೇ ಬೇಕು. ಅಣ್ಣ ಹೇಳ್ತಿದ್ನಲ್ಲ, ಅಂಥದ್ದು."

ಆರ್ಡಿತ್ ದೊಡ್ಡ ಯೂನಿವರ್ಸಿಟಿಯ ಗುಣಗಾನ ಶುರುಮಾಡಿದಳು. ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಅಂಥ ಮಾತು ಕೇಳಿರಲಿಲ್ಲ.

"ಅಲ್ಲಿಗೆ ಹೋದ್ರೆ ನಾನು ಮುನ್ನೂರು ಜನರ ಹಿಂದೆ ಕೂತು ನಿದ್ದೆ ಮಾಡ್ತೀನಿ. ಪ್ರಶ್ನೆ ಕೇಳ್ದಿದ್ರೆ ನನಗೆ ಏನೂ ತಲೆಗೆ ಹೋಗಲ್ಲ, ನಿಮಗೇ ಗೊತ್ತಲ್ಲ" ಅಂದಳು ಕೋರಾ.

ಅಕ್ಟೋಬರಿನಲ್ಲಿ ಮೂವರೂ ನನ್ನ ಕಾರಿನಲ್ಲಿ ಎರಡು ಕಾಲೇಜು ನೋಡಲು ಹೊರಟೆವು. ಕೋರಾಳ ತಾಯಿ ಕಾರಿನ ಕಿಟಕಿಗೆ ಬಗ್ಗಿ, "ಆರ್ಡಿತ್, ನೀವು ಹೇಳಿದ ಹಾಗೇ ಮಾಡ್ತಾಳೆ ಕೋರಾ. ಆದ್ರೆ ಈ ಸಲ..." ಅಂದು ಅಷ್ಟಕ್ಕೇ ನಿಲ್ಲಿಸಿದಳು.

ಮೊದಲನೆಯದು ಲಿಂಡ್‌ಮೋರ್. ಹೊಸ ಗಾಜಿನ ಕಟ್ಟಡ, ಹಸಿ ಬಣ್ಣದ ವಾಸನೆ. ಪ್ರವೇಶ ವಿಭಾಗದ ಮುಖ್ಯಸ್ಥ ಬೋ ಟೈ ಕಟ್ಟಿದ್ದ, ಬಾಯ್ತುಂಬ ನಗುತ್ತಿದ್ದ. ಆರ್ಡಿತ್ ಗಂಟಲು ಸರಿಮಾಡಿಕೊಂಡು, "ಹೇಗೆ ನಡೀತಿದೆ ಇಲ್ಲಿ?" ಅಂದಳು.

"ತೊಂದರೆ ಏನಿಲ್ಲ, ಚೆನ್ನಾಗೇ ಇದೆ!"

ಅದೇ ಮಾತು, ಅಕ್ಷರ ಬಿಡದೆ. ಆರ್ಡಿತ್‌ಳ ಕಾಫಿ ಅರ್ಧಕ್ಕೇ ಉಳಿಯಿತು. ಕೋಟು ಎತ್ತಿಕೊಂಡು ಎದ್ದಳು.

ಎರಡನೆಯದು ಥಾರ್ನ್‌ಬಿ. ಹಳೇ ಇಟ್ಟಿಗೆ ಕಟ್ಟಡ, ಮೊಗಸಾಲೆಯಲ್ಲಿ ಸೋರುವ ನೀರಿಗೆ ಒಂದು ಬಕೆಟ್. ಬಕೆಟ್ ಕಂಡಿದ್ದೇ ತಡ ಆರ್ಡಿತ್ "ವಾಪಸ್ ಹೋಗೋಣ" ಅಂದಳು. ಅಷ್ಟರಲ್ಲಿ ಕೋರಾ ಒಂಬತ್ತೇ ಮಕ್ಕಳಿದ್ದ ಒಂದು ಇತಿಹಾಸದ ಕ್ಲಾಸಿಗೆ ನುಗ್ಗಿ ಕೂತಾಗಿತ್ತು. ಮೇಷ್ಟ್ರು "ನೀನೇನಂತೀಯಮ್ಮ?" ಅಂತ ಕೇಳಿದ್ದೇ ಸಾಕು, ಹುಡುಗಿ ಇಪ್ಪತ್ತು ನಿಮಿಷ ವಾದ ಮಾಡಿದಳು. ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು.

ದಾಖಲೆ ವಿಭಾಗದಲ್ಲಿ ಓರ್ಫಾ ಎಂಬ ಮುದುಕಿ ನಮ್ಮನ್ನು ಕೂರಿಸಿಕೊಂಡಳು. ಆರ್ಡಿತ್ ಇನ್ನೂ ಪದ ಹುಡುಕುತ್ತಿದ್ದಳು. ಕೋರಾ ನೇರವಾಗಿ ಕೇಳಿಯೇಬಿಟ್ಟಳು.

"ನಾನು ಮುಗಿಸೋ ತನಕ ಈ ಕಾಲೇಜು ಇರುತ್ತಾ?"

"ಕೋರಾ!" ಆರ್ಡಿತ್ ನಾಚಿಕೆಯಿಂದ ಕೆಂಪಾದಳು.

ಮುದುಕಿ ಕನ್ನಡಕ ತೆಗೆದಿಟ್ಟಳು. "ಗೊತ್ತಿಲ್ಲ ಮಗಳೇ. ಎರಡು ವರ್ಷದಿಂದ ಮಕ್ಕಳು ಕಮ್ಮಿ. ಮೂರು ವಿಷಯ ನಿಲ್ಲಿಸಿದ್ವಿ. ಮುಚ್ಚೋ ಹಾಗಿದ್ರೆ ಒಂದು ವರ್ಷ ಮೊದಲೇ ಹೇಳ್ತೀವಿ, ಪಕ್ಕದ ಕಾಲೇಜಿನವರು ನಿಮ್ಮನ್ನ ಸೇರಿಸ್ಕೋತಾರೆ ಅಂತ ಬರೆಸ್ಕೊಂಡಿದೀವಿ. ನನ್ನ ಮೊಮ್ಮಗಳೂ ಇಲ್ಲೇ ಓದ್ತಿದಾಳೆ. ರಾತ್ರಿ ನನಗೂ ಭಯ ಆಗುತ್ತೆ."

ಕಾರಿನಲ್ಲಿ ಕೋರಾ "ನನಗೆ ಇದೇ ಬೇಕು" ಅಂದಳು.

ಜನವರಿ ಹದಿನಾಲ್ಕಕ್ಕೆ ಫೋನ್ ಬಂತು. ಥಾರ್ನ್‌ಬಿಯ ಓರ್ಫಾ. "ಹುಡುಗಿ ಅರ್ಜಿ ಬಂದಿದೆ. ನಿಮ್ಮ ಶಾಲೆಯಿಂದ ಅಂಕಪಟ್ಟಿ, ಶಿಫಾರಸು ಪತ್ರ ಎರಡೂ ಬಂದಿಲ್ಲವಲ್ಲ? ನಾಳೆ ಕೊನೇ ದಿನ."

ಕ್ರಿಸ್‌ಮಸ್ಸಿಗೆ ಮೊದಲೇ ಕಳಿಸಿದೆ ಅಂದಿದ್ದಳು ಆರ್ಡಿತ್! ಬಾಗಿಲು ತಳ್ಳಿ ಒಳಗೆ ಹೋದೆ. ಅವಳು ನನ್ನ ಮುಖ ನೋಡಿದವಳೇ ಮೇಜಿನ ಕೆಳಗಿನ ಖಾನೆ ಎಳೆದಳು. ಎರಡು ಪುಟದ ಪತ್ರ, ಬರೆದು ಸಹಿ ಹಾಕಿ ಮಡಿಸಿಟ್ಟದ್ದು. ಲಿಂಡ್‌ಮೋರಿಗೂ ಕಳಿಸಿರಲಿಲ್ಲ, ಥಾರ್ನ್‌ಬಿಗೂ ಕಳಿಸಿರಲಿಲ್ಲ. ಹೋಗಿದ್ದು ದೊಡ್ಡ ಯೂನಿವರ್ಸಿಟಿಗೆ ಮಾತ್ರ.

"ಏನೇ ಮಾಡಿದೆ ಮಾರಾಯ್ತಿ? ಆ ಹುಡುಗಿ ದಿನಾ ಅಂಚೆ ಡಬ್ಬ ನೋಡ್ತಾ ಕೂತಿದೆ!"

"ಕಳಿಸೋಕೆ ಕೈ ಬರಲಿಲ್ಲ ವರ್ಲಾ." ಅವಳು ಪತ್ರವನ್ನು ಮೇಜಿನ ಮೇಲಿಟ್ಟಳು. "ಒಂದೇ ಮನೆಯ ಎರಡು ಮಕ್ಕಳು. ಮತ್ತೊಂದು ಗುರುವಾರ ಬಂದ್ರೆ ನಾನು ಆ ತಾಯಿಗೆ ಏನಂತ ಹೇಳಲಿ?"

ನನಗೆ ರೇಗಿತು, ಅಳುವೂ ಬಂತು. ಇದು ಹೊರಗೆ ಗೊತ್ತಾದರೆ ಇವಳ ಕೆಲಸ ಹೋಗುತ್ತದೆ. ಗೊತ್ತಾಗದಿದ್ದರೆ ಹುಡುಗಿಯ ಕಾಲೇಜು ಹೋಗುತ್ತದೆ. "ಕಾಲೇಜು ಮುಚ್ಚಿದ್ರೆ ಅದು ಅವರ ತಪ್ಪು. ಇದು ನಿನ್ನದು! ಯಾರಿಗೆ ಹೆದರ್ತಿದೀಯೋ ಆ ನೋಲನ್‌ನನ್ನೇ ಹೋಗಿ ಕೇಳು, ಏಳು!" ಅಂತ ಕೋಟನ್ನು ಅವಳ ಮಡಿಲಿಗೆ ಎಸೆದೆ.

ಅಂಗಡಿಯ ಹಿಂದೆ ನೋಲನ್ ಉಪ್ಪಿನ ಚೀಲ ಜೋಡಿಸುತ್ತಿದ್ದ. ಇಪ್ಪತ್ತೆಂಟಕ್ಕೇ ಸೊಂಟ ಹಿಡಿದವರ ಹಾಗೆ ಬಗ್ಗಿ ನಿಲ್ಲುತ್ತಾನೆ. ಆರ್ಡಿತ್ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು. ಖಾನೆಯ ವಿಷಯವನ್ನೂ ಹೇಳಿದಳು. ಅವನು ಹೊತ್ತ ಚೀಲ ಕೆಳಗಿಟ್ಟ.

"ಕೋರಾದು ಇವತ್ತೇ ಕಳಿಸಿ" ಅಂದ.

"ಕಳಿಸ್ತೀನಿ. ನೋಲನ್, ನಿನ್ನನ್ನ ಅಲ್ಲಿಗೆ ಕಳಿಸಿದ್ದಕ್ಕೆ ನನ್ನ ಮೇಲೆ ಸಿಟ್ಟಿದೆಯಾ?"

"ಕಳಿಸಿದ್ದಕ್ಕಾ?" ಅವನು ಕೈಗವಸು ಕಳಚಿದ. "ಅಲ್ಲಿ ಕಳೆದ ಒಂದೂವರೆ ವರ್ಷ ಬಿಟ್ರೆ 'ನೀನೇನಂತೀಯ' ಅಂತ ನನ್ನನ್ನ ಯಾರೂ ಕೇಳಿಲ್ಲ. ಅದಕ್ಕಲ್ಲ ಸಿಟ್ಟು." ಸ್ವಲ್ಪ ಹೊತ್ತು ಚೀಲದ ಮೇಲಿನ ಹಿಮ ಒರೆಸಿದ. "ಆ ಬೇಸಿಗೇಲಿ ನೀವು ಫೋನ್ ಮಾಡ್ತೀರ ಅಂತ ಕಾದೆ. ನಿಮ್ಮ ಹತ್ರ ಇನ್ನೊಂದು ಪಟ್ಟಿ ಇರುತ್ತೆ, ಮುಂದೆಲ್ಲಿಗೆ ಅಂತ ಹೇಳ್ತೀರ ಅಂತ. ಆಗಸ್ಟ್ ತನಕ ಕಾದೆ. ನೀವು ಅಂಗಡಿಗೆ ಬರೋರು, ಚೆನ್ನಾಗಿದೀಯಾ ಅನ್ನೋರು. ನಾನೂ ಚೆನ್ನಾಗೇ ಇದೀನಿ ಅಂತಿದ್ದೆ."

ಆರ್ಡಿತ್ ಅವನ ಎದುರಿಗೆ ಚೀಲದ ರಾಶಿಯ ಮೇಲೆ ಕೂತಳು. ಒಂಬತ್ತು ವರ್ಷ ಅವಳು ಹೆದರಿದ್ದು ತಾನು ಮಾಡಿದ್ದಕ್ಕೆ. ತಾನು ಮಾಡದೆ ಬಿಟ್ಟದ್ದು ಪ್ರತಿ ಚಳಿಗಾಲ ಅವಳ ಕಾರಿಗೆ ಉಪ್ಪು ಹೊತ್ತು ಹಾಕುತ್ತಿತ್ತು. ನಾನೂ ಆ ಹುಡುಗನಿಂದ ಎಷ್ಟು ಚೀಲ ಹೊರಿಸಿಕೊಂಡಿದ್ದೇನೆ, ನನಗೂ ಕೇಳಬೇಕು ಅನ್ನಿಸಿರಲಿಲ್ಲ.

ಮೂರೂವರೆಗೆ ಕೋರಾಳ ಕಾಗದ ಹೋಯಿತು. ತಲುಪಿತಾ ಅಂತ ನಾನೇ ಓರ್ಫಾಗೆ ಎರಡು ಸಲ ಫೋನ್ ಮಾಡಿದೆ. ಆರ್ಡಿತ್ ಸಂಜೆಯೇ ಬ್ರನ್ಸ್ ಮನೆಗೆ ಹೋಗಿ ತಾಯಿಗೂ ಮಗಳಿಗೂ ತಾನು ಮಾಡಿದ್ದನ್ನು ತಾನೇ ಹೇಳಿಬಂದಳು. ಕೋರಾ ಒಂದು ವಾರ ಅವಳ ಜೊತೆ ಮಾತು ಬಿಟ್ಟಳು. ಹೆಡ್‌ಮಾಸ್ಟರಿಗೂ ಆರ್ಡಿತ್ ತಾನೇ ಹೇಳಿದಳು. ಅವರು ಎಚ್ಚರಿಕೆಯ ಪತ್ರ ಕೊಟ್ಟರು, ಅದನ್ನು ಟೈಪ್ ಮಾಡಿದವಳು ನಾನೇ.

ಮಾರ್ಚಿನಲ್ಲಿ ಥಾರ್ನ್‌ಬಿಯಿಂದ ಒಪ್ಪಿಗೆ ಬಂತು. ಭಯ ಹೋಯಿತಾ ಅಂದರೆ ಎಲ್ಲಿ ಹೋಗುತ್ತದೆ? ಈಗಲೂ ಆರ್ಡಿತ್ ಗುರುವಾರ ಮಧ್ಯಾಹ್ನ ಕಂಪ್ಯೂಟರ್ ನೋಡುತ್ತಾಳೆ. ಈಗ ನಾನೂ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತೇನೆ.

ಅಂಥದೇ ಒಂದು ಗುರುವಾರ ಬಾಗಿಲು ತಟ್ಟಿದ ಸದ್ದಾಯಿತು. ನೋಲನ್, ಬೂಟಿಗೆ ಮೆತ್ತಿದ ಗೊಬ್ಬರದ ಪುಡಿಯ ಸಮೇತ. "ಊಟದ ಬಿಡುವು ಅರ್ಧ ಗಂಟೆ ಇದೆ. ಬೇರೆ ಕೆಲಸ ಇದ್ರೆ ಪರವಾಗಿಲ್ಲ ಮಿಸೆಸ್ ನೀಲ್ಸನ್" ಅಂದ. ಹದಿನೇಳರ ಮಕ್ಕಳು ಕೂರುವ ಕುರ್ಚಿಯಲ್ಲಿ ಅವನು ಮೊಣಕಾಲು ಮಡಚಿ ಕಷ್ಟಪಟ್ಟು ಕೂತ. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಆರ್ಡಿತ್, ಮೂವತ್ತು ವರ್ಷದಿಂದ ಪ್ರತಿ ಮಗುವನ್ನೂ ಕೇಳುತ್ತ ಬಂದ ಮೊದಲ ಪ್ರಶ್ನೆಯನ್ನೇ ಕೇಳಿದಳು:

"ಏನು ಓದೋಕೆ ಇಷ್ಟ ನಿಂಗೆ?"