ಕೊನೆಯಿಂದ ಓದಿದ ಪ್ರೇಮಕಥೆ

ಕುರುಬರಹಳ್ಳಿಯ ನಮ್ಮ ಮನೆಯಲ್ಲಿ ಗಂಡಸರು ನಾಚುವ ಪದ್ಧತಿ ಇಲ್ಲ. ಸೈಟು, ಬಾಡಿಗೆ, ರಾಜಕೀಯ ಎಂದು ಬೀದಿಗೆಲ್ಲ ಕೇಳುವಂತೆ ಮಾತಾಡುವ ವಂಶ ನಮ್ಮದು. ಅಂಥ ಮನೆಯಲ್ಲಿ ಹುಟ್ಟಿ, ಮದುವೆಯ ವಯಸ್ಸು ಮೀರುತ್ತಿದ್ದ ನಾನು ಬಾಗಿಲು ಹಾಕಿಕೊಂಡು ಜಪಾನಿನ ಮಾಂಗಾ ಓದುತ್ತಿದ್ದೆ. ಹೊಡೆದಾಟದ್ದಾಗಿದ್ದರೆ ಮಾನ ಉಳಿಯುತ್ತಿತ್ತು. ನಾನು ಓದುತ್ತಿದ್ದದ್ದು ಶಾಲೆಯ ಹುಡುಗಿಯರಿಗೆಂದೇ ಬರೆದ ಪ್ರೇಮದ ಚಿತ್ರಕಥೆಗಳು. ಅವುಗಳಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ತಾಗಲು ಎರಡು ಮೂರು ಸಂಪುಟ ಬೇಕು. ಹುಡುಗನ ಕೆನ್ನೆಯೂ ಕೆಂಪಾಗುತ್ತದೆ, ಹುಡುಗನೂ ಅಳುತ್ತಾನೆ, ಯಾರೂ ಅವನನ್ನು ‘ಗಂಡಸೇನೋ ನೀನು’ ಎಂದು ಹಂಗಿಸುವುದಿಲ್ಲ. ಓದುವಾಗ ನಾನು ನಾಯಕನಾಗುತ್ತಿರಲಿಲ್ಲ, ನಾಯಕಿಯಾಗುತ್ತಿದ್ದೆ. ನಿನಗೇನು ಬೇಕು ಎಂದು ಯಾರಾದರೂ ನನ್ನನ್ನು ಕೇಳಲಿ ಎಂದು ಕಾಯುವ ಪ್ರಾಣಿ ನಾನು ಎಂಬುದು ನನಗೆ ತಿಳಿದದ್ದೇ ಹಾಗೆ.

ಹೆಣ್ಣು ನೋಡಲು ವಿಜಯನಗರಕ್ಕೆ ಹೋಗುವ ಹಿಂದಿನ ದಿನ, ನನ್ನ ಕೋಣೆ ಗುಡಿಸಲು ಬಂದ ಅಮ್ಮನ ಕೈಗೆ ಅವು ಸಿಕ್ಕವು. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕದ ಹಿಂಬದಿಯೇ ಅದರ ಮುಂಬದಿ. ಅಮ್ಮ ನಮ್ಮ ರೂಢಿಯಂತೆ ತೆರೆದು, ಚಿತ್ರ ನೋಡುತ್ತಾ, ಕೊನೆಯಿಂದ ಶುರುಮಾಡಿದ್ದಳು.

“ಇದೇನೋ, ಮೊದ್ಲೇ ಮದ್ವೆ! ಆಮೇಲೆ ಜಗಳ, ಮುನಿಸು. ಕೊನೇಲಿ ನೋಡಿದ್ರೆ ಬಸ್‌ಸ್ಟಾಪಲ್ಲಿ ಒಬ್ರಿಗೊಬ್ರು ಪರಿಚಯಾನೇ ಇಲ್ಲ. ನನ್ನ ಕಥೆ ಜಪಾನಿನವ್ರಿಗೆ ಹೆಂಗೋ ಗೊತ್ತಾಯ್ತು?” ಎಂದಳು.

ಬಿದ್ದು ಬಿದ್ದು ನಕ್ಕು, ಪಕ್ಕದಲ್ಲಿ ಕೂತು ಸರಿಯಾದ ಕಡೆಯಿಂದ ಓದಿ ಹೇಳಿದೆ. ‘ನಾನು ನಿನಗೆ ಇಷ್ಟಾನಾ?’ ಎಂದು ಹುಡುಗ ಕೇಳುವ ಪುಟದಲ್ಲಿ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

“ನನ್ನನ್ನ ಯಾರೂ ಕೇಳ್ಲಿಲ್ಲ ಕಣೋ. ಕಾಫಿ ಕೊಟ್ಟು ಒಳಗೆ ಬಂದೆ. ಅಷ್ಟರಲ್ಲಿ ಎಲೆ ಅಡಿಕೆ ಬದಲಾಯಿಸ್ಬಿಟ್ಟಿದ್ರು.”

ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಮರುದಿನ ವಿಜಯನಗರದಲ್ಲಿ ಉಪ್ಪಿಟ್ಟು, ಕೇಸರಿಬಾತಿನ ಜೊತೆ ಹುಡುಗಿಯೂ ಬಂದಳು. ಅವಳು ತಲೆಯೆತ್ತಿ ಕೂತಳು, ನಾನು ತಲೆ ತಗ್ಗಿಸಿ ಕೂತೆ. ಯಾರನ್ನು ಯಾರು ನೋಡಲು ಬಂದಿದ್ದಾರೆಂದು ಹೊಸಬರಿಗೆ ಗೊಂದಲವಾಗಬೇಕು. ಕದ್ದು ನೋಡಿದೆ. ನನಗೆ ಅವಳು ತುಂಬಾ ಹಿಡಿಸಿದಳು.

“ನಮ್ ಹುಡುಗ್ನಿಗೆ ಒಪ್ಗೆ, ಮುಖ ನೋಡಿದ್ರೇ ಗೊತ್ತಾಗತ್ತೆ. ಒಳ್ಳೆ ದಿನ ನೋಡೋಣ,” ಎಂದರು ಚಿಕ್ಕಪ್ಪ. ಎರಡೂ ಕಡೆಯ ಹಿರಿಯರು ತಲೆಯಾಡಿಸಿದರು.

“ಒಂದ್ನಿಮಿಷ,” ಎಂದು ಅಮ್ಮ ಹುಡುಗಿಯತ್ತ ತಿರುಗಿದಳು. “ನಿಂಗೆ ಇವ್ನು ಇಷ್ಟ ಆದ್ನೇನಮ್ಮಾ? ನಿಜ ಹೇಳು, ನಾನು ಬೇಜಾರ್ ಮಾಡ್ಕೊಳಲ್ಲ.”

ನಾನು ತಲೆಯೆತ್ತಿದೆ. ಹುಡುಗಿ ಅಮ್ಮನ ಕಡೆಗೇ ತಿರುಗಿ ಕೂತಳು.

“ಇಲ್ಲ ಆಂಟಿ. ಸಾರಿ.”

ಚಿಕ್ಕಪ್ಪನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು. ಹುಡುಗಿಯ ಮುಖದಲ್ಲಿ ಮಾತ್ರ ಎಂಥ ನಿರಾಳ! ಬಂದಾಗಿನಿಂದ ಅವಳು ನಕ್ಕಿದ್ದು ಅದೇ ಮೊದಲು, ಅದೂ ಅಮ್ಮನ ಕಡೆ ನೋಡಿ.

ಚಿಕ್ಕಪ್ಪ ಯಾರೊಂದಿಗೂ ಮಾತಾಡದೆ ಸ್ಕೂಟರ್ ಹತ್ತಿ ಹೋದರು. ಕಾರಿನ ಹಿಂದಿನ ಸೀಟಿನಲ್ಲಿ ನಾನು ಮುಚ್ಚುಮರೆಯಿಲ್ಲದೆ ಅತ್ತೆ. ದುಃಖವಾಗಿತ್ತು. ಆದರೆ ಅಮ್ಮನ ಮೇಲೆ ಹೆಮ್ಮೆಯೂ ಆಗಿತ್ತು. ಅಪ್ಪ ಮಾತ್ರ ಕೆಂಪು ಸಿಗ್ನಲ್‌ನಲ್ಲಿ ಸ್ಟೀರಿಂಗ್ ಹಿಡಿದು ಕುದಿಯುತ್ತಿದ್ದರು.

“ಮರ್ಯಾದೆ ತೆಗ್ದೆ. ಅವತ್ತು ನಿನ್ನನ್ನ ಕೇಳಿದ್ರೆ ನೀನೂ ಹಿಂಗೇ ಅಂತಿದ್ದೇನೇ?”

“ಹೂಂ ರೀ. ಬೇಡ ಅಂತಿದ್ದೆ,” ಎಂದಳು ಪಕ್ಕದಲ್ಲಿದ್ದ ಅಮ್ಮ.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದು ಬೈಯತೊಡಗಿದರು. ಅಪ್ಪ ಗಾಡಿ ಬಿಡಲಿಲ್ಲ.

“ಈಗ ಕೇಳಿದ್ರೆ?” ಎಂದರು, ನಮ್ಮ ಮನೆಯ ಗಂಡಸರಲ್ಲಿ ಯಾರೂ ಆಡದಷ್ಟು ಸಣ್ಣ ದನಿಯಲ್ಲಿ.

“ಮೊದ್ಲು ಕೇಳಿ,” ಎಂದಳು ಅಮ್ಮ.