ಬಿಳಿ ಬಟ್ಟೆಯಲ್ಲಿ ಮದ್ದು ಓದುವ ವರ್ನಾ

ಸೂರ್ಯ ಇನ್ನೂ ಬಂದಿಲ್ಲ. ಇಡೀ ರಾತ್ರಿ ಮನೆಯ ಹೊರಗೆ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿಟ್ಟಿದ್ದ ಕೋವಿಯ ತೋಟಾಗಳನ್ನು ವರ್ನಾ ಟೋಲೆಫ್‌ಸನ್ ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕುತ್ತಿದ್ದಾರೆ. "ಬೆಚ್ಚಗಿನ ಮನೇಲಿ ಎಲ್ಲಾ ಮದ್ದೂ ಒಳ್ಳೇದೇ. ಚಳೀಲಿ ಗೊತ್ತಾಗತ್ತೆ ಯಾವುದರ ಬಣ್ಣ ಏನು ಅಂತ," ಎನ್ನುತ್ತಾ ಬಯಲಿನ ಕಡೆ ಹೊರಡುತ್ತಾರೆ.

ಅಮೆರಿಕದ ಮೊಂಟಾನಾದ ನಮ್ಮೂರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಟವರ ಜೇಬಿನ ತೋಟಾಗಳಲ್ಲಿ ಅರ್ಧಕ್ಕರ್ಧ ಈ ಅರವತ್ತೆಂಟರ ಹೆಂಗಸಿನ ಕೈಯಲ್ಲಿ ತಯಾರಾದವು. ಬೇಟೆಗಾರರ ಫೋಟೋ ಪ್ರತಿವರ್ಷ ಪೇಪರಿನಲ್ಲಿ ಬರುತ್ತದೆ, ವರ್ನಾರ ಹೆಸರು ಒಮ್ಮೆಯೂ ಬಂದಿಲ್ಲ. ಅದೇ ಪೇಪರಿಗೆ ಬರೆಯುವ ನನಗಂತೂ ಇದು ಸಿಟ್ಟು ಬರಿಸುವ ವಿಷಯ. ಗಂಡ ತೀರಿಕೊಂಡ ವರ್ಷ ಅವನ ತೋಟಾ ತುಂಬುವ ಯಂತ್ರದ ಮುಂದೆ ಕೂತರು, ಇಪ್ಪತ್ತಾರು ವರ್ಷವಾಯಿತು. ಬೇಟೆಯ ಕಾಲದಲ್ಲಿ ದಿನಕ್ಕೆ ಇನ್ನೂರು ಖಾಲಿ ಹಿತ್ತಾಳೆ ಕೊಳವೆ ತೊಳೆದು, ಮದ್ದು ತೂಗಿ ತುಂಬಿ, ಗುಂಡು ಕೂರಿಸುತ್ತಾರೆ. ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ. ಎರಡು ಮದ್ದು ಬೆರೆತರೆ ಕೋವಿ ಕೈಯಲ್ಲೇ ಸಿಡಿದೀತು.

ಈ ಸಲದ ಪರೀಕ್ಷೆ ಡೆಲ್ಬರ್ಟ್ ಹಾಸ್ ಅವರಿಗಾಗಿ. ದನ ಸಾಕುವ ಈ ಎಂಬತ್ತೊಂದರ ಮುದುಕರಿಗೆ ಒಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ಸರ್ಕಾರದ ಲಾಟರಿಯಲ್ಲಿ ಒಂದು ಎಲ್ಕ್ ಹೊಡೆಯುವ ಪರವಾನಗಿ ಚೀಟಿ ಎದ್ದಿದೆ. ಮೊಣಕಾಲಿನ ಸ್ಥಿತಿ ನೋಡಿದರೆ ಇದೇ ಕೊನೆಯ ಬೇಟೆ. ಬೆರಳ ಗಂಟುಗಳು ಊದಿವೆ, ಕೋವಿಯ ನಳಿಗೆ ಉಜ್ಜಲು ಆಗುವುದಿಲ್ಲ. ಹಾಗಾಗಿ ಮಸಿ ಕಟ್ಟದ ಮದ್ದು ಬೇಕು.

ಬಯಲಿಗೆ ಡೆಲ್ಬರ್ಟ್ ಹಿಡಿದು ಬಂದ ಕೋವಿಯಿಂದಲೇ ವರ್ನಾ ಮೂರು ಮದ್ದುಗಳ ತಲಾ ಹತ್ತು ಗುಂಡು ಹಾರಿಸುತ್ತಾರೆ. ಪ್ರತಿ ಸಲವೂ ನಳಿಗೆಯಲ್ಲಿ ಬಿಳಿ ಬಟ್ಟೆಯ ತುಂಡು ತೂರಿಸಿ ತೆಗೆದು ಗಾಡಿಯ ಕಿಟಕಿಗೆ ಅಂಟಿಸುತ್ತಾರೆ. ಮೊದಲನೆಯದು ಕಾವಲಿ ಒರೆಸಿದ ಬಟ್ಟೆಯ ಹಾಗೆ ಕಪ್ಪು. ಎರಡನೆಯದು ತೆಳು ಬೂದು. ಮೂರನೆಯದು ಹೆಚ್ಚುಕಡಿಮೆ ಬಿಳಿಯೇ, ಆದರೆ ಚಳಿಗೆ ಅದರ ಗುಂಡುಗಳು ಗೇಣುದ್ದ ಕೆಳಗೆ ಬಿದ್ದಿವೆ.

"ಆ ಬಿಳೀದನ್ನೇ ತುಂಬು ವರ್ನಾ," ಎನ್ನುತ್ತಾರೆ ಡೆಲ್ಬರ್ಟ್.

"ನೀನು ಎಲ್ಕ್ ಹೊಡೀತೀಯೋ, ಬಟ್ಟೆ ಒಣಗಿಸ್ತೀಯೋ? ಸುಮ್ನೆ ಬೂದು ತಗೋ. ಗುರಿ ಒಂಚೂರೂ ಅಲ್ಲಾಡಿಲ್ಲ."

ಶುಕ್ರವಾರ ಮಧ್ಯಾಹ್ನ ತೋಟಾ ಒಯ್ಯಲು ಬಂದ ಡೆಲ್ಬರ್ಟ್ ಕೈಯಲ್ಲಿ ಕೋವಿ ಫಳಫಳ ಹೊಳೆಯುತ್ತಿದೆ. ಮರುದಿನ ಬೇಟೆ ಎಂದು ಮಗಳಿಂದ ನಳಿಗೆ ಉಜ್ಜಿಸಿ ಎಣ್ಣೆ ಹಚ್ಚಿಸಿದ್ದಾರೆ. ವರ್ನಾ ಹಣೆ ಚಚ್ಚಿಕೊಳ್ಳುತ್ತಾರೆ.

"ಅಯ್ಯೋ ಪುಣ್ಯಾತ್ಮ! ಎಣ್ಣೆ ನಳಿಗೇಲಿ ಮೊದಲ ಗುಂಡು ಎಲ್ಲಿಗೋ ಹೋಗತ್ತೆ. ಎಲ್ಕ್ ಓಡೋ ಮೊದ್ಲು ನಿಂಗೆ ಸಿಗೋದೇ ಆ ಒಂದು ಗುಂಡು!"

"ಹೊಸ ಮದ್ದಿಗೆ ಮರ್ಯಾದೆ ಕೊಡೋಣ ಅಂತ..."

"ಮರ್ಯಾದೆ ಆಮೇಲೆ. ನಡಿ ಬಯಲಿಗೆ."

ಮೊದಲ ಗುಂಡು ಗುರಿಹಲಗೆಯ ಅಂಚಿಗೆ. ಎರಡು, ಮೂರು ನಟ್ಟನಡುವೆ. "ಇನ್ನು ಇದನ್ನ ಒರೆಸಿದ್ಯೋ, ನೋಡು ಮತ್ತೆ," ಎಂದು ಗದರಿಸಿ ಐದು ತೋಟಾ ಎಣಿಸಿ ಕೊಡುತ್ತಾರೆ.

ಭಾನುವಾರ ನಾನು ವರ್ನಾರ ಮನೆಯಲ್ಲೇ ಇದ್ದೇನೆ. ಡೆಲ್ಬರ್ಟ್ ಕುಂಟುತ್ತಾ ಬಂದು, ಕಾಗದದಲ್ಲಿ ಸುತ್ತಿದ ಎಲ್ಕ್ ಮಾಂಸದ ಜೊತೆ ಉಳಿದ ತೋಟಾಗಳನ್ನೂ ಮೇಜಿನ ಮೇಲಿಡುತ್ತಾರೆ. ಮುಖವಿಡೀ ನಗು. ವರ್ನಾ ಮಾಂಸ ನೋಡುವುದಿಲ್ಲ, ತೋಟಾ ಎಣಿಸುತ್ತಾರೆ.

ನಿಮ್ಮ ಫೋಟೋ ಪೇಪರಿಗೆ ಹಾಕಲೇ ಎಂದು ಕೇಳುತ್ತೇನೆ.

"ನನ್ನದ್ಯಾಕೆ? ಇದನ್ನ ತೆಗೀರಿ," ಎಂದು ವರ್ನಾ ಮೇಜು ತೋರಿಸುತ್ತಾರೆ. "ಐದು ಕೊಟ್ಟಿದ್ದೆ. ನಾಲ್ಕು ತುಂಬಿದ್ದೇ ವಾಪಸ್ ಬಂದಿದೆ."