ಉಳ್ಳಾಲದಲ್ಲಿ ನಿಂತುಹೋದ ಓದು

ದೇರೆಬೈಲಿನಿಂದ ಹೊರಟಾಗ ಜೋರು ಮಳೆ. ಹಂಪನಕಟ್ಟೆಯಲ್ಲಿ ಇಳಿದು ಉಳ್ಳಾಲದ ಬಸ್ಸು ಹತ್ತಿದೆ. ಟಿಕೆಟ್ ದರ ಮತ್ತೆ ಏರಿತ್ತು, ಸೀಟು ಮಾತ್ರ ಹಿಂದಿನಂತೆಯೇ ಒದ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕುರ್‌ಆನಿನ ಕನ್ನಡ ಅನುವಾದ. ನೇತ್ರಾವತಿ ಸೇತುವೆ ದಾಟುವವರೆಗೂ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದೆ.

ಪುಸ್ತಕ ಝೊಹರಾಳಿಗೆ. ನಾವಿಬ್ಬರೂ ಬಿಜೈಯ ಶಾಲೆಯೊಂದರಲ್ಲಿ ಒಟ್ಟಿಗೆ ಕಲಿಸಿ ನಿವೃತ್ತರಾದವರು. ಅವಳು ಪಾಠ ಮಾಡಿದರೆ ನನ್ನ ಕ್ಲಾಸಿಗೂ ಕೇಳುತ್ತಿತ್ತು. ‘ಉಮ್ಮ’ ಎಂದೇ ಅವಳು ಕರೆಯುತ್ತಿದ್ದ, ತೀರಿಹೋದ ತಾಯಿಯ ಹೆಸರಿನಲ್ಲಿ ಇಡೀ ಕುರ್‌ಆನನ್ನು ಸ್ವರವೆತ್ತಿ ಓದಿ ಮುಗಿಸಲು ಹೊರಟಿದ್ದಳು. ಕೊನೆಯ ಭಾಗ ಬಾಕಿ ಇರುವಾಗ ಗಂಟಲಿನ ಆಪರೇಷನ್ ಆಗಿ ಸ್ವರ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಇನ್ನು ಮನಸ್ಸಿನಲ್ಲೇ, ಅರ್ಥ ತಿಳಿದು ಓದಲಿ ಎಂದು ಈ ಪುಸ್ತಕ ಕೊಂಡಿದ್ದೆ. ನನ್ನ ಜಾಣತನದ ಬಗ್ಗೆ ಉಳ್ಳಾಲ ಮುಟ್ಟುವವರೆಗೂ ಹೆಮ್ಮೆಯೇ ಇತ್ತು.

ಉಳ್ಳಾಲದಲ್ಲಿ ಮಳೆ ನಿಂತಿತ್ತು. ಬಸ್‌ಸ್ಟಾಪಿನ ಎದುರೇ ಅವಳ ಮನೆ. ಸೊಸೆ ಸಫಿಯಾ ಬಿಸಿ ಅಕ್ಕಿರೊಟ್ಟಿ, ಬಂಗುಡೆ ಸಾರು ಬಡಿಸಿದಳು. ಊಟವಾದ ಮೇಲೆ ಪುಸ್ತಕ ಕೊಟ್ಟೆ. ಝೊಹರಾ ಎರಡೂ ಕೈಯಲ್ಲಿ ತೆಗೆದುಕೊಂಡು, ನಾಲ್ಕು ಹಾಳೆ ತಿರುಗಿಸಿ, ನನ್ನ ಕಿವಿಯ ಹತ್ತಿರ ಬಾಗಿದಳು.

“ಒಳ್ಳೆದುಂಟು ಲಿಲ್ಲಿ. ಆದರೆ ಇದು ಅರ್ಥ ಮಾತ್ರ ಅಲ್ವಾ? ಕುರ್‌ಆನ್ ಅಂದ್ರೆ ಎಂತ ಗೊತ್ತುಂಟಾ? ಓದುವುದು. ಬಾಯಿಬಿಟ್ಟು ಓದುವುದು. ಅರಬಿಯ ‘ಕರಅ’ದಿಂದ ಬಂದ ಹೆಸರು.”

“ನಮ್ಮ ಇಗರ್ಜಿಯಲ್ಲೂ ಬೈಬಲ್ ವಾಚನ ಉಂಟಲ್ಲ ಮಾರಾಯ್ತಿ,” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಹೌದು. ಹಳೇ ಸಿರಿಯಾಕ್ ಕ್ರೈಸ್ತರು ಅದಕ್ಕೆ ‘ಕೆರ್ಯಾನ’ ಅಂತಿದ್ರು. ಎರಡಕ್ಕೂ ನಂಟುಂಟು ಅಂತ ಕೆಲವು ಪಂಡಿತರು ಹೇಳ್ತಾರೆ.” ಅಷ್ಟಕ್ಕೇ ಅವಳಿಗೆ ಉಸಿರು ಸಾಲಲಿಲ್ಲ.

“ತುಟಿ ಆಡಿಸಿದ್ರೂ ಸಾಕು ಅಂತ ಮಸೀದಿಯ ಉಸ್ತಾದರು ಹೇಳಿದ್ದಾರೆ. ಮಾಮಿ ಕೇಳುದಿಲ್ಲ ಟೀಚರ್,” ಎಂದಳು ಸಫಿಯಾ. “ನಾನು ಓದಿ ಮುಗಿಸ್ತೇನೆ ಅಂದ್ರೂ ಬೇಡ ಅಂತಾರೆ.”

ಝೊಹರಾ ತಲೆಯಾಡಿಸಿದಳು. “ಉಮ್ಮನಿಗೆ ನನ್ನ ಸ್ವರ ಗೊತ್ತು.”

ಸ್ವರ ಕಳೆದುಕೊಂಡವಳಿಗೆ ನಾನು ಅರ್ಥ ಹೊತ್ತುಕೊಂಡು ಬಂದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅವಳು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟಳು. ಆಮೇಲೆ ನಾವು ಹಳೆಯ ಹೆಡ್‌ಮಾಸ್ಟರರ ಸುದ್ದಿ ಮಾತಾಡಿದೆವು.

ಸಂಜೆ ಬಸ್ಸಿನ ಹಾರ್ನ್ ಕೇಳಿ, ಬರುತ್ತೇನೆಂದು ಹೇಳಿದೆನೋ ಇಲ್ಲವೋ ಎಂಬಂತೆ ಓಡಿಹೋಗಿ ಹತ್ತಿದೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಝೊಹರಾ ಗೇಟಿನ ಹೊರಗೆ ಬಂದು ನಿಂತಿದ್ದಳು. ನಾನು ಮರೆತಿದ್ದ ಕೊಡೆಯನ್ನು ಎತ್ತಿ ಹಿಡಿದು, ಬಾಯಿಬಿಟ್ಟು ನನ್ನ ಹೆಸರು ಕೂಗುತ್ತಿದ್ದಳು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ. ನನಗೆ ಕೇಳಿಸಿರಲೇ ಇಲ್ಲ.